ಕುಂಕುಮವಿಲ್ಲದ ಸ್ವಿಚ್ಚು

'ಸೋಮವಾರವೇ ಕೂತು ಶನಿವಾರದ ತನಕ ಸಹಿ ಮಾಡಿಬಿಟ್ಟೆ. ಇದೇನು ಹೊಸದಲ್ಲ. ಆದರೂ ಈ ಸಲ ಯಾಕೋ ಬೆರಳು ತಡೆಯಿತು.'

ಎರಡು ದಿನದ ಹಿಂದೆ ಡೈರಿಯಲ್ಲಿ ತಾನೇ ಬರೆದಿದ್ದ ಸಾಲುಗಳನ್ನು ಪರಿಮಳಾ ಬುಧವಾರ ಬೆಳಿಗ್ಗೆ ಬಸ್ಸಿನಲ್ಲಿ ಕೂತು ಮತ್ತೆ ಓದಿದಳು. ಓದಿ, ಯಾರಾದರೂ ನೋಡಿಯಾರೆಂದು ಪುಟದ ಮೇಲೆ ಅಂಗೈ ಮುಚ್ಚಿದಳು. ಪಕ್ಕದ ಸೀಟಿನ ಮುದುಕಿಗೆ ಅದರ ಗೊಡವೆಯೇ ಇರಲಿಲ್ಲ. ಆಕೆ ಮಡಿಲಲ್ಲಿದ್ದ ಕೋಳಿಯ ಕಾಲು ಬಿಗಿಹಿಡಿದು ನಿದ್ದೆ ಹೋಗಿದ್ದಳು. ಕೋಳಿ ಮಾತ್ರ ಒಂದೇ ಕಣ್ಣಿನಿಂದ ಪರಿಮಳಾಳನ್ನು ನೋಡುತ್ತಿತ್ತು.

ಸಹಿ ಎಂದರೆ ದೊಡ್ಡ ಸಹಿಯೇನಲ್ಲ. ಆಫೀಸಿನ ರಜಿಸ್ಟರಿನಲ್ಲಿ 'ಬ್ಯಾಕಪ್ ನೋಡಲಾಗಿದೆ' ಎಂಬ ಒಂದು ಕಾಲಂ, ದಿನಕ್ಕೊಂದು ಸಹಿ. ಆದರೆ ಆ ಆಫೀಸಿನ ವಾಡಿಕೆಯೇ ಬೇರೆ. ಕಾರ್ಯದರ್ಶಿ ಬಸವಂತ್ರಾಯರಿಗೆ ಖಾಲಿ ಗೆರೆ ಕಂಡರೆ ಆಗದು. ತಪಾಸಣೆಯವರು ಯಾವ ಹೊತ್ತಿನಲ್ಲಿ ಬಂದು ನಿಲ್ಲುತ್ತಾರೋ ಎಂಬ ದಿಗಿಲಿಗೆ ಹಾಜರಿ, ಬೀಗದ ಕೈ, ಬ್ಯಾಕಪ್ಪು, ಎಲ್ಲದರ ವಾರದ ಸಹಿಯನ್ನೂ ಸೋಮವಾರ ಹನ್ನೊಂದು ಗಂಟೆಯೊಳಗೇ ಹಾಕಿಸಿ ಮುಗಿಸುತ್ತಿದ್ದರು. ಒಮ್ಮೆ ಕಾಲುವೆಯ ಗೇಟಿನವನು ಗುರುವಾರದ ನೀರಿನ ಮಟ್ಟವನ್ನೂ ಸೋಮವಾರವೇ ಬರೆದಿಟ್ಟಾಗ ಇಡೀ ಆಫೀಸು ನಕ್ಕಿತ್ತು. ಪರಿಮಳಾ ಕೂಡ ನಕ್ಕಿದ್ದಳು. ನಗುತ್ತಲೇ ತನ್ನ ಕಾಲಮ್ಮಿಗೆ ಆರು ಸಹಿ ಹಾಕಿದ್ದಳು.

ಪರಿಮಳಾ ದೋರನಹಳ್ಳಿಯ ಅಂಬ್ರಪ್ಪನ ಮಗಳು. ಸುರಪುರದ ಕಾಲೇಜಿನಲ್ಲಿ ಬಿ.ಸಿ.ಎ. ಮುಗಿಸಿದವಳು. ಅವರ ಮನೆಯಲ್ಲಿ ಕುರ್ಚಿಯ ಮೇಲೆ ಕೂತು ದುಡಿಯುವ ಮೊದಲ ಜೀವ ಅವಳೇ. ಮಾತು ಕಡಿಮೆ. ಕ್ಲಾಸಿನಲ್ಲಿ ಹಾಜರಿ ಕೂಗುವಾಗ 'ಬಂದೀನ್ರಿ' ಎನ್ನುವಷ್ಟರಲ್ಲಿ ಗಂಟಲೊಣಗಿ, ಎಷ್ಟೋ ದಿನ ಎದುರಿಗೇ ಕೂತಿದ್ದೂ ಗೈರು ಎನಿಸಿಕೊಂಡವಳು. ಹೇಳಬೇಕಾದ್ದನ್ನೆಲ್ಲ ಬರೆಯುವುದು ಅವಳ ಚಾಳಿ. ಅವ್ವ ಮರಿಲಿಂಗಮ್ಮ ಬೈದರೆ ಅದಕ್ಕೆ ಉತ್ತರ ಡೈರಿಯಲ್ಲಿ. ಕಂಡಕ್ಟರ್ ಚಿಲ್ಲರೆ ಕೊಡದಿದ್ದರೆ ಅದರ ಜಗಳವೂ ಡೈರಿಯಲ್ಲಿ. ಆ ದಪ್ಪ ಡೈರಿ ಬುತ್ತಿಯ ಡಬ್ಬಿಯ ಜೊತೆ ದಿನಾ ಅವಳ ಚೀಲದಲ್ಲಿ ಓಡಾಡುತ್ತಿತ್ತು.

ಶಹಾಪುರದಲ್ಲಿ ಬಸ್ಸು ಬದಲಿಸಿ ಭೀಮರಾಯನಗುಡಿಯಲ್ಲಿ ಇಳಿದಾಗ ಒಂಬತ್ತೂ ಕಾಲು. ನೀರಾವರಿ ಕ್ಯಾಂಪಿನ ಹಳೆಯ ಕ್ವಾರ್ಟರ್ಸುಗಳ ಸಾಲಿನಲ್ಲಿ, ಎರಡು ಬೇವಿನ ಮರಗಳ ನಡುವೆ, ನೀರು ಬಳಕೆದಾರರ ಒಕ್ಕೂಟದ ಆಫೀಸು. ಅಲ್ಲಿಯ ಸರ್ವರಿಗೆ ಒಂದೇ ಕೆಲಸ. ಕಾಲುವೆಗೆ ನೀರು ಬಿಟ್ಟಾಗ ಇಪ್ಪತ್ನಾಲ್ಕು ತೂಬುಗಳ ರೈತರಿಗೆ, ಯಾರ ಪಾಳಿ ಎಂದು, ಎಷ್ಟು ಗಂಟೆಗೆ ಎಂದು, ಹಿಂದಿನ ಸಂಜೆಯೇ ಫೋನಿಗೆ ತಿಳಿಸುವುದು. ಯಾರಿಗೆ ಯಾವಾಗ ಹೇಗೆ ತಿಳಿಸಬೇಕು ಎಂಬ ಸೆಟ್ಟಿಂಗುಗಳೆಲ್ಲ ಒಂದು ಫೈಲಿನಲ್ಲಿ. ಆ ಫೈಲೇ ಪರಿಮಳಾಳ ಎರಡು ವರ್ಷದ ದುಡಿಮೆ.

ಅದರಲ್ಲೂ ಈ ವರ್ಷದ ಕೆಲಸ ಅವಳ ಜೀವ ಹಿಂಡಿತ್ತು. ಜನವರಿಯ ಸಭೆಯಲ್ಲಿ ಕಾಲುವೆಯ ಕೊನೆಭಾಗದ ರೈತರು ಎದ್ದು ನಿಂತು, ಮೇಲಿನವರು ಮೊದಲು ಹರಿಸಿಕೊಂಡರೆ ನಮ್ಮ ತನಕ ಕೆಸರು ಕೂಡ ಬರುವುದಿಲ್ಲ ಎಂದು ಕೂಗಾಡಿ, ಪಾಳಿ ಇನ್ನು ಮೇಲೆ ಕೊನೆಯ ತೂಬಿನಿಂದ ಶುರುವಾಗಬೇಕು ಎಂದು ತೀರ್ಮಾನ ಮಾಡಿಸಿದರು. ಜೊತೆಗೆ ಮೆಸೇಜು ಓದಲು ಬಾರದವರಿಗೆ ಮಾತಿನಲ್ಲೇ ಕರೆ ಹೋಗಬೇಕು ಎಂದಾಯಿತು. ಅಪರಿಚಿತರಿಗೆ ಫೋನು ಹಚ್ಚುವುದೆಂದರೆ ಕೈ ಬೆವರುವ ಹುಡುಗಿ, ಐದು ತಿಂಗಳು ದಿನವೂ ನಾಲ್ಕೈದು ಜನರಿಗೆ ಫೋನು ಹಚ್ಚಿ, "ನಿಮಗ ಓದಾಕ ಬರ್ತದೇನ್ರಿ?" ಎಂದು ಕೇಳಿದಳು. ಕೆಲವರು ಬೈದರು. ಕೆಲವರು ಸಾಲ ವಸೂಲಿಯವರೆಂದು ತಿಳಿದು ಫೋನು ಇಟ್ಟುಬಿಟ್ಟರು. ಹಾಗೆ ಮುನ್ನೂರ ಹನ್ನೆರಡು ಜನರ ಸೆಟ್ಟಿಂಗು ಒಂದೊಂದಾಗಿ ಬದಲಾಯಿತು.

"ಬಾ ಯವ್ವಾ," ಎಂದಳು ಮಲ್ಲಾಬಾಯಿ, ಕಸಬರಿಗೆ ಗೋಡೆಗೆ ಒರಗಿಸಿ. ಸುರಪುರದ ಕಡೆಯ ಹಳ್ಳಿಯವಳು. ಆಫೀಸಿನ ಕಸ, ನೀರು, ಚಹಾ, ಬೀಗ ಎಲ್ಲ ಅವಳದೇ. "ಮಾರಿ ಯಾಕ ಇಷ್ಟ ಸಣ್ಣ ಆಗ್ಯಾದ? ಮನ್ಯಾಗ ಏನರ ಅಂದಾರೇನು?"

"ಏನಿಲ್ಲಕ್ಕ."

"ಏನಿಲ್ಲ ಅಂತಿ, ಉಗುರು ಕಡ್ಯಾಕತ್ತಿ. ಕಡಿ, ಕಡಿ. ರೊಟ್ಟಿ ತಂದೀನಿ ತಿನ್ನು ಅಂದ್ರ ಮಾತ್ರ ಹೊಟ್ಟಿ ತುಂಬ್ಯಾದ ಅಂತಿ."

ಒಳಗಿನಿಂದ ಬಸವಂತ್ರಾಯರ ದನಿ ಬಂತು. "ಪರಿಮಳಾ! ಈ ಕಾಗದ ಜರಾ ಓದು ಬಾ. ನನ್ನ ಕನ್ನಡಕ ಶಹಾಪುರದಾಗ ರಿಪೇರಿಗಿ ಕೊಟ್ಟೀನಿ, ಆ ಅಂಗಡಿಯವ ಇವತ್ತ ನಾಳಿ ಅನ್ನಾಕತ್ಯಾನ. ಸಹಿ ಕಾಣಸ್ತದ, ಅಕ್ಷರ ಕಾಣಸಂಗಿಲ್ಲ."

ಕಾಗದ ಓದಿಸಿಕೊಂಡು ಅವರು ಹೇಳಿದರು: "ಗಯಾಸ ಯಾದಗಿರಿ ಬಿಟ್ಟಾನಂತ. ಹನ್ನೊಂದರೊಳಗ ಹೊಸಾ ಸರ್ವರ್ ತಗೊಂಡು ಬರ್ತಾನ. ಹಳೇದು ಟಕ್ ಟಕ್ ಅನ್ನಾಕತ್ತಿ ನಾಕ ದಿನ ಆತು. ಸಂಜಿ ಐದಕ್ಕ ಫೋನ್ ಹೋಗಬೇಕು, ನಾಳಿ ನಸುಕಿನ್ಯಾಗ ಗೇಟ್ ಎತ್ತತಾರ. ಈ ವರ್ಷದ ಮೊದಲ ನೀರವ್ವ, ಒಂದು ಫೋನ್ ತಪ್ಪಿದ್ರ ಆ ಕೊನೀ ತೂಬಿನ ಮಂದಿ ಬಡಿಗಿ ತಗೊಂಡ ಬರ್ತಾರ."

"ಹೂನ್ರಿ."

"ಬ್ಯಾಕಪ್ ಅದಲ್ಲ?"

"ಅದರಿ," ಎಂದಳು ಪರಿಮಳಾ. ಅದು ಇದೆ ಎಂದೇ ಅವಳು ನಂಬಿದ್ದಳು. ನಂಬಿದ್ದವಳಿಗೆ ಎದೆ ಯಾಕೆ ಹೊಡೆದುಕೊಳ್ಳಬೇಕು?

ಒಳಕೋಣೆಗೆ ಹೋಗಿ, ಸರ್ವರಿನ ಮುಂದೆ ಕೂತಳು. ಪಕ್ಕದ ಸ್ಟೂಲಿನ ಮೇಲೆ ಬ್ಯಾಕಪ್ಪಿನ ಕರಿಯ ಡಬ್ಬಿ, ಹಸಿರು ದೀಪ ಮಿಣುಕಿಸುತ್ತ ಎಂದಿನಂತೆ ಕೂತಿತ್ತು. ಡಿಸೆಂಬರಿನಲ್ಲಿ ತರಿಸಿದ ಹಾರ್ಡ್ ಡಿಸ್ಕು ಅದು. ದಿನಾ ಸಂಜೆ ಏಳಕ್ಕೆ, ಎಲ್ಲರೂ ಹೋದ ಮೇಲೆ, ಸರ್ವರಿನ ಸೆಟ್ಟಿಂಗುಗಳೆಲ್ಲ ತಾವಾಗಿಯೇ ಅದರೊಳಗೆ ನಕಲಾಗುವ ಹಾಗೆ ಪರಿಮಳಾಳೇ ಏರ್ಪಾಟು ಮಾಡಿದ್ದಳು. ಎಂಟು ತಿಂಗಳಿಂದ ಬೆಳಿಗ್ಗೆ ಬಂದಾಗಲೆಲ್ಲ ಹಸಿರು ದೀಪ ಕಾಣುತ್ತಿತ್ತು. ಹಸಿರು ಕಂಡರೆ ಸಾಕಲ್ಲವೇ? ಅವಳು ಡಬ್ಬಿಯನ್ನು ತೆರೆದು ನೋಡಿದಳು.

ಒಳಗೆ ಒಂದೇ ಒಂದು ನಕಲು. ಡಿಸೆಂಬರ್ ಹನ್ನೊಂದನೇ ತಾರೀಖಿನದು. ಮಧ್ಯಾಹ್ನ ಮೂರೂ ಇಪ್ಪತ್ತು. ಅವಳು ಪರೀಕ್ಷೆಗೆಂದು ಕೈಯಾರೆ ಮಾಡಿದ್ದು.

ಮತ್ತೊಮ್ಮೆ ತೆರೆದಳು. ತಂತಿ ಕಿತ್ತು ಮತ್ತೆ ಸಿಕ್ಕಿಸಿದಳು. ಒಂದೇ. ಡಬ್ಬಿಯ ತಂತಿಯ ಜಾಡು ಹಿಡಿದು ಗೋಡೆಯ ತನಕ ನೋಡಿದಳು. ಗೋಡೆಯಲ್ಲಿ ನಾಲ್ಕು ಸ್ವಿಚ್ಚು. ಸರ್ವರಿನದೂ ಬ್ಯಾಟರಿಯದೂ ಎರಡಕ್ಕೆ ಮಾಸಿದ ಕುಂಕುಮದ ಬೊಟ್ಟು. ಮೂರನೆಯದಕ್ಕೆ, ಡಬ್ಬಿಯದಕ್ಕೆ, ಬಿಳಿ ಚೀಟಿ. ಅದರ ಮೇಲೆ ಅವಳದೇ ದುಂಡು ಅಕ್ಷರ: 'ದಯವಿಟ್ಟು ಬಂದ್ ಮಾಡಬೇಡಿ.'

ಆಗ ಎಲ್ಲವೂ ಅರ್ಥವಾಯಿತು. ಅರ್ಥವಾಯಿತು ಎನ್ನುವುದಕ್ಕಿಂತ, ಎಂದೋ ಅರ್ಥವಾಗಿದ್ದುದನ್ನು ಇನ್ನು ಮುಚ್ಚಿಡಲಾಗಲಿಲ್ಲ.

ಹೋದ ವರ್ಷದ ಮಹಾನವಮಿಯ ಪೂಜೆಯ ದಿನ ಮಲ್ಲಾಬಾಯಿ ತಟ್ಟೆ ಹಿಡಿದು ಬಂದು, "ಸಂಜೀಗಿ ಹೋಗೋ ಮುಂದ ಎಲ್ಲಾ ಬಂದ್ ಮಾಡು ಅಂತಾರ ಸಾಹೇಬ್ರು. ಯಾವ್ಯಾವು ಮಾಡಬಾರ್ದು ತೋರ್ಸವ್ವ, ಅವಕ್ಕ ಕುಂಕುಮ ಹಚ್ಚಿಬಿಡ್ತೀನಿ. ಲಕ್ಷ್ಮಿ ಕುಂತಾಳ ಅಂತ ತಿಳಕೊಂಡು ಕೈ ಹಚ್ಚಂಗಿಲ್ಲ" ಎಂದಿದ್ದಳು. ಪರಿಮಳಾ ಬೆರಳು ತೋರಿಸಿದ್ದಳು. ಅಂದಿನಿಂದ ಅದೇ ಕಾಯಿದೆ. ಕುಂಕುಮ ಇದ್ದದ್ದು ನಡೆಯುತ್ತಿರಬೇಕು, ಇಲ್ಲದ್ದು ಆರಬೇಕು.

ಡಿಸೆಂಬರಿನಲ್ಲಿ ಡಬ್ಬಿ ಬಂದಾಗ, 'ಅಕ್ಕಾ, ಇದಕ್ಕೂ ಹಚ್ರಿ' ಎಂದಿದ್ದರೆ ಮುಗಿಯುತ್ತಿತ್ತು. ಅವಳ ನಾಲಿಗೆ ಏಳಲಿಲ್ಲ. ಅವರ ಮನೆಯಲ್ಲಿ ಅಪ್ಪ ಬೌದ್ಧ ದೀಕ್ಷೆ ತೆಗೆದುಕೊಂಡಾಗಿನಿಂದ ಕುಂಕುಮದ ಭರಣಿಯೇ ಇಲ್ಲ. ಗೋಡೆಯ ಮೇಲೆ ಬುದ್ಧನ ಪಟ, ಕೆಳಗೆ ಒಂದು ಮೇಣದ ಬತ್ತಿ. ತಾನಾಗಿ ಹೋಗಿ ಕುಂಕುಮ ಕೇಳಿದರೆ ಈಕೆ ಏನಂದುಕೊಂಡಾಳು, ಮನೆಯಲ್ಲಿ ಯಾಕೆ ಇಲ್ಲ ಎಂದು ಕೇಳಿದರೆ ಏನು ಹೇಳಲಿ ಎಂದೆಲ್ಲ ಯೋಚಿಸಿ, ಕೊನೆಗೆ ಚೀಟಿ ಬರೆದು ಅಂಟಿಸಿದಳು. ಮಲ್ಲಾಬಾಯಿ ಅದನ್ನು ನಿಂತು ನೋಡಿ, "ಭಾಳ ಛಂದ ಬರದಿ ನೋಡವ್ವ, ಮುತ್ತು ಜೋಡ್ಸಿದಂಗ" ಎಂದಿದ್ದಳು. ಓದಿದಳು ಎಂದುಕೊಂಡಳು ಪರಿಮಳಾ.

ಮಾರ್ಚಿನಲ್ಲಿ ಪಗಾರದ ಪಟ್ಟಿಯ ಮೇಲೆ ಮಲ್ಲಾಬಾಯಿಯ ಹೆಸರಿನ ಮುಂದೆ ನೀಲಿ ಹೆಬ್ಬೆಟ್ಟಿನ ಗುರುತು ಕಂಡಾಗ ಒಳಗೆ ಎಲ್ಲೋ ಮುಳ್ಳು ಚುಚ್ಚಿದಂತಾಗಿತ್ತು. ಮುನ್ನೂರು ಜನ ಕಾಣದವರನ್ನು ಓದಲು ಬರುತ್ತದೆಯೇ ಎಂದು ಕೇಳಿದವಳು, ದಿನಾ ಎದುರಿಗೆ ಬಂದು ಚಹಾ ಇಡುವವಳನ್ನು ಕೇಳಲಿಲ್ಲ. ಕೇಳಿದರೆ ಆಕೆಗೆ ಅವಮಾನವಾದೀತು ಎಂದು ಡೈರಿಯಲ್ಲಿ ಬರೆದಳು, ಅಷ್ಟೆ. ಡಬ್ಬಿ ತೆರೆದು ನೋಡಲೂ ಇಲ್ಲ. ನೋಡಿದ್ದರೆ ಗೊತ್ತಾಗಿಬಿಡುತ್ತಿತ್ತಲ್ಲ.

ಹೀಗೆ ದಿನಾ ಸಂಜೆ ಐದೂವರೆಗೆ ಡಬ್ಬಿ ಆರಿತು. ಏಳಕ್ಕೆ ಸರ್ವರು ನಕಲು ಕಳಿಸಹೋಗಿ, ಡಬ್ಬಿಯ ಬಾಗಿಲು ಮುಚ್ಚಿದ್ದು ಕಂಡು ಸುಮ್ಮನಾಯಿತು. ಬೆಳಿಗ್ಗೆ ಮಲ್ಲಾಬಾಯಿ ಬಂದು ಮತ್ತೆ ಹಸಿರು ದೀಪ ಹಚ್ಚಿದಳು. ಎಂಟು ತಿಂಗಳು.

ಇನ್ನೂ ಕೆಟ್ಟಿಲ್ಲ, ಎಂದುಕೊಂಡಳು ಪರಿಮಳಾ. ಹಳೆಯ ಸರ್ವರು ನರಳುತ್ತಿದ್ದರೂ ನಡೆಯುತ್ತಿದೆ. ಈಗಲೇ ಒಂದು ನಕಲು ತೆಗೆದರೆ ಯಾರಿಗೂ ತಿಳಿಯದು. ಕೈ ಮುಂದೆ ಚಾಚಿದಳು, ಅಷ್ಟರಲ್ಲಿ ಹೊರಗೆ ಜೀಪು ನಿಂತ ಸಪ್ಪಳ.

"ನಮಸ್ಕಾರ್ರಿ ರಾಯರ! ಏನ್ ತಂಗಿ, ಮುದುಕ ಇನ್ನಾ ಜೀವಂತ ಅದಾನೇನು?" ಗಯಾಸ ರಟ್ಟಿನ ಪೆಟ್ಟಿಗೆಯನ್ನು ಎದೆಗವಚಿಕೊಂಡು ಒಳಗೆ ಬಂದೇಬಿಟ್ಟ. ಯಾದಗಿರಿಯಲ್ಲಿ ಅವನದೊಂದು ಸಣ್ಣ ಕಂಪ್ಯೂಟರ್ ಅಂಗಡಿ. ಸುತ್ತಲಿನ ಆಫೀಸುಗಳ ಯಂತ್ರಗಳಿಗೆಲ್ಲ ಅವನೇ ವೈದ್ಯ. ಕಿವಿಯನ್ನು ಹಳೆಯ ಸರ್ವರಿಗೆ ಹಚ್ಚಿ ಆಲಿಸಿ, ತಲೆಯಾಡಿಸಿದ. "ಎದಿ ಬಡಕೊಳ್ಳಾಕತ್ತದ. ಪಾಪ, ಇನ್ನ ತ್ರಾಸ ಕೊಡೂದು ಬ್ಯಾಡ. ಬ್ಯಾಕಪ್ ಅದಲ್ಲ?"

ಈ ಸಲ ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ಕತ್ತು ತಾನಾಗಿ ಬಾಗಿತು, ಹೂಂ ಎಂಬಂತೆ. ಬಾಗಿಲಲ್ಲಿ ಬಸವಂತ್ರಾಯರು ನಿಂತಿದ್ದರು. ಸೆಪ್ಟೆಂಬರಿನಲ್ಲಿ ಅವಳ ಗುತ್ತಿಗೆ ಮುಂದುವರಿಸುವ ಕಾಗದಕ್ಕೆ ಸಹಿ ಮಾಡಬೇಕಾದವರು ಅವರೇ.

"ಬರೋಬ್ಬರಿ. ಹಂಗಾದ್ರ ಮುದುಕನ್ನ ಮಲಗಸ್ತೀನಿ."

"ಅಣ್ಣಾ…"

"ಏನವ್ವ?"

ತಡೀರಿ. ಒಂದು ಮಾತು. ಮೂರು ಅಕ್ಷರ. ಅದು ಗಂಟಲ ತನಕ ಬಂದು, ಅಲ್ಲಿ ನಿಂತ ಜನರನ್ನು ನೋಡಿ ಹಿಂತಿರುಗಿ ಹೋಯಿತು. "ಚಹಾ ಕುಡದು…" ಎಂದಳು.

"ಚಹಾ ಎಲ್ಲಿ ಓಡಿ ಹೋಗ್ತದ," ಎಂದು ಗಯಾಸ ಗುಂಡಿ ಒತ್ತಿದ.

ಟಕ್ ಟಕ್ ನಿಂತಿತು. ನಾಲ್ಕು ದಿನದಿಂದ ಕಿವಿಗೆ ಅಂಟಿಕೊಂಡಿದ್ದ ಸದ್ದು ನಿಂತ ಕೂಡಲೇ ಕೋಣೆ ಖಾಲಿಯಾದಂತೆ ಕಂಡಿತು. ಹೊಸದನ್ನು ಜೋಡಿಸಿ, ಹಳೆಯದರಿಂದ ಯಾವುದೋ ಒಂದು ನಂಬರು ನೋಡಿಕೊಳ್ಳಬೇಕೆಂದು ಅರ್ಧ ತಾಸಿನ ಮೇಲೆ ಅವನು ಅದನ್ನು ಮತ್ತೆ ಹಚ್ಚಿದ. ಮೂರು ಸಲ ಟಕ್ ಎಂದಿತು. ಆಮೇಲೆ ಕರಿಯ ಪರದೆ. ಎರಡು ಸಲ, ಮೂರು ಸಲ ಹಚ್ಚಿದ. ಡಿಸ್ಕು ಏಳಲೇ ಇಲ್ಲ.

"ಖಲ್ಲಾಸ್," ಎಂದ ಗಯಾಸ. "ಇರ್ಲಿ ಬಿಡ್ರಿ ರಾಯರ, ನಮ್ಮ ತಂಗಿ ಬ್ಯಾಕಪ್ ಇಟ್ಟಾಳ. ಇಲ್ಲಾಂದ್ರ ಇವತ್ತ ನಿಮ್ಮ ಪಂಚಾಯ್ತಿ ಇತ್ತು."

ಡಬ್ಬಿಯೊಳಗಿನ ಡಿಸೆಂಬರು ಹೊಸ ಸರ್ವರಿಗೆ ಇಳಿಯಿತು. ಒಂದು ಗಂಟೆಯ ಹೊತ್ತಿಗೆ ಪರದೆಯ ಮೇಲೆ ಎಲ್ಲವೂ ಇತ್ತು: ಇಪ್ಪತ್ನಾಲ್ಕು ತೂಬು, ಸಾವಿರಕ್ಕೂ ಮಿಕ್ಕಿದ ಹೆಸರು, ಸಂಜೆ ಐದರ ಗಡುವು. ನೋಡಿದವರಿಗೆ ಯಾವ ಊನವೂ ಕಾಣದು. ಪರಿಮಳಾಳಿಗೆ ಮಾತ್ರ ನಾಳೆಯ ಪಟ್ಟಿ ಒಂದನೇ ತೂಬಿನಿಂದ ಶುರುವಾಗಿರುವುದು ಕಾಣುತ್ತಿತ್ತು. ಇಪ್ಪತ್ನಾಲ್ಕನೆಯ ತೂಬಿನ ರತ್ನಾಬಾಯಿಯ ಹೆಸರಿನ ಮುಂದೆ ನೆರೆಮನೆಯ ಜಲಾಲುದ್ದೀನನ ಹಳೆಯ ಫೋನ್ ನಂಬರು ಕಾಣುತ್ತಿತ್ತು, ಓದಲು ಬಾರದ ಆಕೆಗೆ ಮೆಸೇಜೇ ಹೋಗುವುದು ಕಾಣುತ್ತಿತ್ತು. ವಡಗೇರಾ ಕಡೆಯ ಆ ಹೆಂಗಸು ಫೆಬ್ರುವರಿಯಲ್ಲಿ ಫೋನಿನಲ್ಲಿ, "ನೀ ಯಾರ ಮಗಳವ್ವ? ನೀ ಮಾತಾಡಿದ್ರ ಮಲಗೂ ಕೂಸೂ ಏಳಂಗಿಲ್ಲ. ಗಟ್ಟಿ ಮಾತಾಡು, ನೀರಿನ ಮಾತದು" ಎಂದು ನಕ್ಕಿದ್ದಳು.

"ಭಲೇ!" ಎಂದರು ಬಸವಂತ್ರಾಯರು. "ಮುಂದಿನ ಮೀಟಿಂಗಿನ್ಯಾಗ ನಿನ್ನ ಕಾಗದ ನಾನ ಮುಂದ ಇಡ್ತೀನಿ. ಬಾಯಿ ಇಲ್ಲದ ಹುಡುಗಿ ಅಂತಾರ ಎಲ್ಲಾರು. ಕೆಲಸಕ್ಕ ಬಾಯಿ ಯಾತಕ್ಕ ಬೇಕು?"

ಹೊಗಳಿಕೆ ಅವಳ ಮೈಮೇಲೆ ಬಿಸಿನೀರು ಬಿದ್ದಂತೆ ಬಿತ್ತು.

ಊಟದ ಹೊತ್ತಿಗೆ ಮಲ್ಲಾಬಾಯಿ ಬೇವಿನ ನೆರಳಲ್ಲಿ ಬುತ್ತಿ ಬಿಚ್ಚಿ, ಪುಂಡಿಪಲ್ಯ ಸವರಿದ ರೊಟ್ಟಿಯ ಅರ್ಧ ಮುರಿದು ಅವಳ ಕೈಗಿಟ್ಟಳು. ತುತ್ತು ಬಾಯಲ್ಲೇ ಉಳಿಯಿತು. ಪರಿಮಳಾ ಲೆಕ್ಕ ಹಾಕುತ್ತಿದ್ದಳು. ಸುಮ್ಮನಿದ್ದರೆ ಏನಾದೀತು? ನಾಳೆ ನಸುಕಿಗೆ ಮೇಲಿನವರಿಗೆ ಪಾಳಿ ಸಿಗುತ್ತದೆ, ಅವರು ಗೇಟು ತೆರೆಸಿಕೊಳ್ಳುತ್ತಾರೆ. ಕೊನೆಭಾಗದವರು ಕಾದು ಕೂತು, ಹತ್ತು ಗಂಟೆಗೆ ಬಂದು ಕೂಗಾಡುತ್ತಾರೆ. ಹೊಸ ಮಿಷನ್ನು ಎಡವಿತು ಎನ್ನುತ್ತಾರೆ ಸಾಹೇಬರು. ಮಿಷನ್ನಿಗೆ ಬಾಯಿಲ್ಲ. ಅಷ್ಟರಲ್ಲಿ ರತ್ನಾಬಾಯಿಯ ಹತ್ತಿ ಸಸಿಗೆ ಇನ್ನೊಂದು ಸರದಿಯ ತನಕ ನೀರಿಲ್ಲ.

"ನುಂಗವ್ವ," ಎಂದಳು ಮಲ್ಲಾಬಾಯಿ. "ಆಕಳ ಮೆಲುಕು ಹಾಕಿದಂಗ ಮಾಡಾಕತ್ತಿ."

"ಅಕ್ಕಾ, ನಿಮಗ…" ಎಂದು ಶುರುಮಾಡಿದಳು ಪರಿಮಳಾ.

"ಏನು?"

"ಏನಿಲ್ಲಕ್ಕ. ಪಲ್ಯ ಛಲೋ ಆಗ್ಯಾದ."

ಆಗ ಅವಳಿಗೆ ಡೈರಿ ನೆನಪಾಯಿತು. ಒಂದೊಂದು ಫೋನಿನ ಭಯವನ್ನೂ ಅವಳು ಅಂದಂದೇ ಅದರಲ್ಲಿ ಬರೆದಿದ್ದಳು. ಯಾರು, ಯಾವ ತೂಬು, ಏನೆಂದರು, ನಂಬರು ಯಾವುದು, ಎಷ್ಟು ಹೊತ್ತಿಗೆ ಕರೆದರೆ ಸಿಗುತ್ತಾರೆ. ಬೈಗುಳದ ಜೊತೆ ಜೊತೆಗೇ ಎಲ್ಲ ಇತ್ತು. ಎದೆಗೆ ಒಂದಿಷ್ಟು ಗಾಳಿ ಬಂತು. ಕೈ ತೊಳೆದವಳೇ ಹೋಗಿ ಹೊಸ ಸರ್ವರಿನ ಮುಂದೆ ಕೂತು, ಡೈರಿಯನ್ನು ಮೇಜಿನ ಕೆಳಗೆ ತೊಡೆಯ ಮೇಲೆ ತೆರೆದಿಟ್ಟುಕೊಂಡಳು. ಮೊದಲು ಪಾಳಿಯನ್ನು ಕೊನೆಯ ತೂಬಿನಿಂದ ಶುರುಮಾಡಿದಳು. ಅದು ಒಂದೇ ಸಾಲಿನ ಕೆಲಸ. ಆಮೇಲೆ ರತ್ನಾಬಾಯಿ. ಆಮೇಲೆ ಇಪ್ಪತ್ಮೂರರ ನಾಗಲಕ್ಷ್ಮಿ. ಒಂದು ಕಣ್ಣು ಬಾಗಿಲ ಕಡೆ, ಒಂದು ಕಣ್ಣು ತೊಡೆಯ ಮೇಲೆ. ಹುಡುಕಬೇಕು, ಓದಬೇಕು, ಕೀಬೋರ್ಡಿನಲ್ಲಿ ಬಡಿಯಬೇಕು. ಗಡಿಯಾರ ಮೂರೂವರೆ ತೋರಿಸಿದಾಗ ಹತ್ತೊಂಬತ್ತು ಜನ ಆಗಿದ್ದರು. ಇನ್ನೂ ಇನ್ನೂರ ತೊಂಬತ್ಮೂರು.

"ಏನ್ ತಂಗಿ, ಬ್ಯಾಕಪ್ ಇಳದ ಮ್ಯಾಲೂ ಇಷ್ಟ ಜೋರ ಏನ್ ಬಡ್ಯಾಕತ್ತಿ?" ಹಿಂದೆ ಗಯಾಸ ನಿಂತಿದ್ದ, ಕೈಯಲ್ಲಿ ಚಹಾದ ಲೋಟ. ಬಗ್ಗಿ ಪರದೆ ನೋಡಿದ. ಅವನ ಹುಬ್ಬು ಗಂಟಾಯಿತು. ಲೋಟ ಕೆಳಗಿಟ್ಟು, ಡಬ್ಬಿಯನ್ನು ತೆರೆದು ತಾರೀಖು ನೋಡಿದ. "ಅರೇ! ಇದು ಡಿಸೆಂಬರಿಂದು! ಆಮ್ಯಾಲ ಒಂದೂ ಆಗಿಲ್ಲಲ್ಲ!"

ದನಿ ಕೇಳಿ ಬಸವಂತ್ರಾಯರು ಬಂದರು. ವಿಷಯ ತಿಳಿದು ಮುಖ ಕೆಂಪಾಯಿತು. ರಜಿಸ್ಟರು ತರಿಸಿ, ಕಣ್ಣಿನ ಹತ್ತಿರ ಹಿಡಿದು, ಹಾಳೆ ಹಾಳೆ ತಿರುವಿದರು. "ಇಲ್ಲಿ ದಿನಾ ಸಹಿ ಅದ. ಈ ಹುಡುಗಿ ದಿನಾ ನೋಡ್ಯಾಳ. ಮತ್ತ ಹ್ಯಾಂಗ ಇಲ್ಲ ಅಂತಿ?"

ಸೋಮವಾರದ ವಾರದ ಸಹಿಗಳನ್ನು ಹಾಕಿಸಿದವರು ತಾವೇ ಎಂಬುದು ಅವರಿಗೆ ಆ ಹೊತ್ತಿನಲ್ಲಿ ಮರೆತೇಹೋಗಿತ್ತು. ಅಥವಾ ನೆನಪಿದ್ದರೂ ಅದನ್ನು ಎತ್ತುವುದು ಅವರಿಗೆ ಬೇಡವಾಗಿತ್ತು.

ಗಯಾಸ ಗೋಡೆಯ ಕಡೆ ನೋಡಿದ. "ಸಂಜಿ ಏಳಕ್ಕ ನಕಲ್ ಆಗ್ತದ. ಆವಾಗ ಈ ಡಬ್ಬಿ ಬಂದ್ ಇದ್ರ ಆಗಂಗಿಲ್ಲ. ಯಾರರ ಬಂದ್ ಮಾಡ್ತಾರೇನು?"

"ಮಲ್ಲಾಬಾಯಿ!" ಎಂದು ಕೂಗಿದರು ಬಸವಂತ್ರಾಯರು. ಆಕೆ ಸೆರಗಿಗೆ ಕೈ ಒರೆಸುತ್ತ ಬಂದಳು. "ಈ ಸ್ವಿಚ್ ನೀ ಬಂದ್ ಮಾಡ್ತಿದ್ದೇನು?"

"ಹೌದ್ರಿ ಯಪ್ಪಾ. ದಿನಾ ಮಾಡ್ತೀನಿ. ನೀವ ಹೇಳೀರಲ್ರಿ, ಹೋಗೋ ಮುಂದ ಎಲ್ಲಾ ಬಂದ್ ಮಾಡಂತ. ಅದಕ್ಕ ಕುಂಕುಮ ಇರಲಿಲ್ಲ, ಬಂದ್ ಮಾಡಿದ್ನಿ."

"ಇಲ್ಲಿ ಇಷ್ಟ ದೊಡ್ಡ ಅಕ್ಷರದಾಗ ಬರದು ಹಚ್ಚ್ಯಾಳ, ಕಣ್ಣ ಕಾಣಸಂಗಿಲ್ಲೇನು ನಿನಗ?"

ಮಲ್ಲಾಬಾಯಿ ಚೀಟಿಯನ್ನು ನೋಡಿದಳು. ಆಮೇಲೆ ಪರಿಮಳಾಳನ್ನು ನೋಡಿದಳು. ಆ ನೋಟದಲ್ಲಿ ಸಿಟ್ಟಿರಲಿಲ್ಲ, ಇದ್ದದ್ದು ನಾಚಿಕೆ. ಅರವತ್ತರ ಹತ್ತಿರದ ಹೆಂಗಸು, ಮಗಳ ವಯಸ್ಸಿನವಳ ಎದುರಿಗೆ ಕಳ್ಳತನದಲ್ಲಿ ಸಿಕ್ಕಿಬಿದ್ದವಳ ಹಾಗೆ ತಲೆ ತಗ್ಗಿಸಿದಳು. "ಕಾಣಸ್ತದ್ರಿ," ಎಂದಳು ಸಣ್ಣಗೆ. "ಕಾಣಸ್ತದ. ತಿಳಿಯಂಗಿಲ್ರಿ. ನಾ ಅದನ್ನ ಹೂವಿನಂಗ ಬಿಡಸ್ಯಾಳ ಅಂತ ತಿಳಕೊಂಡಿದ್ನಿ."

"ಹೂವಂತ ಹೂವು! ಸಾವಿರ ಮಂದಿ ನೀರು ಹಾಳ ಮಾಡಿ, ಹೂವು ಅಂತ ಹೇಳ್ತಿ? ನಾಳಿಯಿಂದ ಬರಬ್ಯಾಡ ನೀ. ಕೀಲಿ ಇಟ್ಟು ಹೋಗು."

ಮಲ್ಲಾಬಾಯಿ ಸೊಂಟಕ್ಕೆ ಸಿಕ್ಕಿಸಿದ್ದ ಬೀಗದ ಕೈ ಗೊಂಚಲನ್ನು ಬಿಡಿಸತೊಡಗಿದಳು. ಗಂಟು ಬಿಗಿಯಾಗಿತ್ತು. ಎಷ್ಟೋ ವರ್ಷದ ಗಂಟು. ಬಿಚ್ಚಲಾಗಲಿಲ್ಲ. "ತಡೀರಿ ಯಪ್ಪಾ, ಕೊಡ್ತೀನಿ," ಎಂದಳು.

ತಡೀರಿ. ಬೆಳಿಗ್ಗೆ ತನ್ನ ಗಂಟಲಲ್ಲಿ ಸತ್ತ ಮಾತನ್ನು ಈಕೆ ಎಷ್ಟು ಸಲೀಸಾಗಿ ಆಡಿದಳು. ಪರಿಮಳಾ ಡೈರಿ ಹಿಡಿದು ಎದ್ದು ನಿಂತಳು. ಬಾಯಿ ತೆರೆಯಲು ನೋಡಿದಳು, ಆಗಲಿಲ್ಲ. ಕೈಯಲ್ಲಿದ್ದ ಡೈರಿಯನ್ನು ಎತ್ತಿ, ಸೋಮವಾರದ ಪುಟ ತೆರೆದು, ರಜಿಸ್ಟರಿನ ಮೇಲೆ ಇಟ್ಟು, ಬಸವಂತ್ರಾಯರ ಕಡೆಗೆ ಸರಿಸಿದಳು. ಶನಿವಾರದ ತನಕ ಸಹಿ ಮಾಡಿಬಿಟ್ಟದ್ದು ಅದರಲ್ಲೇ ಇತ್ತು. ಅವರು ಓದಿಕೊಂಡರೆ ಸಾಕು. ತಾನು ನಿಂತಿದ್ದರೆ ಸಾಕು.

ಅವರು ಡೈರಿಯನ್ನು ಹತ್ತಿರ ಹಿಡಿದರು, ದೂರ ಹಿಡಿದರು, ಬೇಸತ್ತು ಮೇಜಿನ ಮೇಲೆ ಹಾಕಿದರು.

"ಏನವ್ವ ಇದು? ನನಗ ಕಾಣಸಂಗಿಲ್ಲ ಅಂತ ಮುಂಜಾನಿನ ಹೇಳೀನಲ್ಲ. ಏನ್ ಬರದೀ, ಬಾಯ್ಲೆ ಹೇಳು."

"ಕೊಡ್ರಿ, ನಾ ಓದ್ತೀನಿ," ಎಂದು ಗಯಾಸ ಕೈ ಚಾಚಿದ.

ಪರಿಮಳಾ ಪುಟದ ಮೇಲೆ ಅಂಗೈ ಇಟ್ಟಳು. ಬಸ್ಸಿನಲ್ಲಿ ಇಟ್ಟ ಹಾಗೆಯೇ. ಗಯಾ‌ಸನ ಕೈ ಹಿಂದೆ ಸರಿಯಿತು. ಗಡಿಯಾರದಲ್ಲಿ ನಾಲ್ಕಕ್ಕೆ ಹತ್ತು ನಿಮಿಷ ಇತ್ತು. ಮಲ್ಲಾಬಾಯಿಯ ಸೊಂಟದಲ್ಲಿ ಬೀಗದ ಕೈಗಳು ಸಣ್ಣಗೆ ಕಿಣಿಕಿಣಿ ಎನ್ನುತ್ತಿದ್ದವು. ಗಟ್ಟಿ ಮಾತಾಡು, ಎಂದಿದ್ದಳು ರತ್ನಾಬಾಯಿ, ನೀರಿನ ಮಾತದು.

"ಅಕ್ಕಾ, ಕೀಲಿ ಬಿಚ್ಚಬ್ಯಾಡ್ರಿ," ಎಂದಳು ಪರಿಮಳಾ. ದನಿ ಅವಳಿಗೇ ಗುರುತು ಸಿಗದಷ್ಟು ದೊಡ್ಡದಾಗಿ ಬಂತು. ಬೇವಿನ ಕೆಳಗೆ ನಿಂತಿದ್ದ ಜೀಪಿನ ಡ್ರೈವರನೂ ತಿರುಗಿ ನೋಡಿದ. "ಸರ್, ಅಕ್ಕಂದು ತಪ್ಪಿಲ್ಲ. ಎಂಟು ತಿಂಗಳು ನಾ ಒಂದಿನಾನೂ ಆ ಡಬ್ಬಿ ತಗದ ನೋಡಿಲ್ರಿ. ನೋಡದನ ಸಹಿ ಮಾಡೀನಿ."